ತಟ್ಟೆಯ ತುಪ್ಪ, ಪಾತ್ರೆಯ ಎಣ್ಣೆ

ಹೋದ ತಿಂಗಳು ನನ್ನ ರಕ್ತಪರೀಕ್ಷೆಯ ವರದಿ ಬಂತು. ಮೂರು ಅಂಕಿಗಳು ದಪ್ಪಕ್ಷರದಲ್ಲಿದ್ದವು. "ಮಾತ್ರೆ ಈಗಲೇ ಬೇಡ. ಮೂರು ತಿಂಗಳು ಊಟದಲ್ಲಿ ಜಿಡ್ಡು ಕಮ್ಮಿ ಮಾಡಿ, ಆಮೇಲೆ ನೋಡೋಣ" ಅಂದರು ಡಾಕ್ಟರು. ಅವರಿಗೆ ಅದು ಒಂದು ಮಾತು, ನನಗೆ ನಾಲ್ಕು ತಟ್ಟೆಗಳ ಲೆಕ್ಕ. ಮನೆಯಲ್ಲಿ ಹನ್ನೆರಡು ವರ್ಷದ ಮಗಳಿದ್ದಾಳೆ. ಸ್ಕೂಲಿನಿಂದ ಖೋಖೋ ಆಡಿಕೊಂಡು ಬಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವ ಹಸಿವು ಅವಳದು. ಎಪ್ಪತ್ತಾರರ ಅಮ್ಮ ಇದ್ದಾಳೆ; ವರ್ಷದಿಂದ ಸೊರಗುತ್ತಿದ್ದಾಳೆ, ಅವಳಿಗೆ "ಸ್ವಲ್ಪ ತುಪ್ಪ ಗಿಪ್ಪ ತಿನ್ನಿಸಿ" ಅಂತ ಇನ್ನೊಬ್ಬ ಡಾಕ್ಟರು ಹೇಳಿದ್ದಾರೆ. ಗಂಡನ ವಿಷಯ ಬಿಡಿ, ಬಡಿಸಿದ್ದನ್ನು ಉಣ್ಣುತ್ತಾರೆ, ಆದರೆ ಸಾರು ಸಪ್ಪೆಯಾದ ದಿನ ಉಪ್ಪಿನಕಾಯಿ ಬಾಟಲಿ ತಳ ಕಾಣುತ್ತದೆ.

ವರದಿ ನೋಡಿದ ಅಮ್ಮ ಏನೂ ಹೇಳದೆ ಎದ್ದು ಹೋಗಿ, ತನ್ನ ಟ್ರಂಕಿನಿಂದ ಒಂದು ಮಡಿಸಿದ ಹಾಳೆ ತಂದು ಮೇಜಿನ ಮೇಲಿಟ್ಟಳು. ಮಡಿಕೆಗಳ ಜಾಗದಲ್ಲಿ ಹರಿದು, ಎಣ್ಣೆಯ ಕಲೆ ಕೂತು ಪಾರದರ್ಶಕವಾಗಿದ್ದ ಜೆರಾಕ್ಸ್ ಹಾಳೆ. 1989ರ ನವೆಂಬರಿನಲ್ಲಿ ಅಪ್ಪನಿಗೆ ಹೃದಯಾಘಾತವಾದಾಗ ಬೆಂಗಳೂರಿನ ಒಂದು ಆಸ್ಪತ್ರೆಯವರು ಕೊಟ್ಟಿದ್ದು. ಜಿಡ್ಡು ಬಿಡಬೇಕಾದವರು ತಿನ್ನಬಾರದ ಪದಾರ್ಥಗಳ ಪಟ್ಟಿಯ ಮೇಲೇ ಜಿಡ್ಡಿನ ಕಲೆ! ಅಮ್ಮ ಅದನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದಳಲ್ಲ, ಒಗ್ಗರಣೆ ಸಿಡಿದಿರಬೇಕು.

ಆಗ ನಾವು ಚಳ್ಳಕೆರೆ ತಾಲ್ಲೂಕಿನ ಒಂದು ಊರಿನಲ್ಲಿದ್ದೆವು. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೂರನೇ ದಿನ ಮಂಚದ ಮೇಲೆ ಕೂತು ಆ ಇಂಗ್ಲಿಷ್ ಪಟ್ಟಿಯನ್ನು ಅಜ್ಜಿಗೂ ಅಮ್ಮನಿಗೂ ಕನ್ನಡದಲ್ಲಿ ಓದಿ ಹೇಳಿದರು. ಬೆಣ್ಣೆ, ತುಪ್ಪ, ಡಾಲ್ಡಾ, ತೆಂಗಿನಕಾಯಿ, ಮೊಟ್ಟೆಯ ಹಳದಿ, ಕುರಿ ಮಾಂಸ ಇಷ್ಟು ಅರ್ಥವಾಯಿತು. ಆಮೇಲೆ ಚೀಸ್, ಪೇಸ್ಟ್ರಿ, ಬೇಕನ್ ಬಂದವು. ಬೇಕನ್ ಅಂದರೇನು ಅಂತ ಅಪ್ಪನಿಗೂ ಗೊತ್ತಿರಲಿಲ್ಲ. ನನ್ನ ಕೈಯಲ್ಲಿ ಡಿಕ್ಷನರಿ ತರಿಸಿದರು. ಉಪ್ಪು ಹಾಕಿ ಕೆಡದಂತೆ ಇಟ್ಟ ಹಂದಿಮಾಂಸ ಅಂತ ತಿಳಿದ ಮೇಲೆ ಅಜ್ಜಿ ಗಾಬರಿಯಿಂದ, "ಅಯ್ಯೋ, ಅದನ್ನ ಯಾವಾಗ ತಿಂದಿದ್ದೆಯೋ ನೀನು?" ಅಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ನಕ್ಕಿದ್ದು ಅವತ್ತೇ ಮೊದಲು.

ಅಜ್ಜಿಯ ಪ್ರಶ್ನೆ ತಮಾಷೆಯದಾದರೂ ಆ ಹಾಳೆಯ ಚರಿತ್ರೆಯೆಲ್ಲ ಅದರಲ್ಲೇ ಇತ್ತು ಅಂತ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆ ಪಟ್ಟಿ ಹುಟ್ಟಿದ್ದು ನಮ್ಮಂಥವರ ಊಟ ನೋಡಿ ಅಲ್ಲ. 1955ರ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಡೆನ್ವರ್‌ನಲ್ಲಿ ಹೃದಯಾಘಾತವಾಯಿತು. ಬಾಸ್ಟನ್ನಿನ ಹೃದಯತಜ್ಞ ಪಾಲ್ ಡಡ್ಲಿ ವೈಟ್ ಪತ್ರಕರ್ತರನ್ನು ಕೂರಿಸಿಕೊಂಡು, ಪಾಠ ಹೇಳುವವರಂತೆ, ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಅಂದರೇನು ಅಂತ ಇಡೀ ದೇಶಕ್ಕೆ ವಿವರಿಸಿದರು. ಆವರೆಗೆ ದೊಡ್ಡವರ ಮನೆಯ ಗುಟ್ಟಿನ ಕಾಯಿಲೆಯಾಗಿದ್ದದ್ದು ಅಂದಿನಿಂದ ಎಲ್ಲರ ಊಟದ ಮೇಜಿನ ಮಾತಾಯಿತು. ಮಿನೆಸೋಟದ ವಿಜ್ಞಾನಿ ಆನ್ಸೆಲ್ ಕೀಸ್ ಆ ಹೊತ್ತಿಗಾಗಲೇ ಕೊಬ್ಬಿಗೂ ಕೊಲೆಸ್ಟ್ರಾಲಿಗೂ ಹೃದಯಕ್ಕೂ ಇರುವ ನಂಟಿನ ಬಗ್ಗೆ ವಾದ ಮಂಡಿಸುತ್ತಿದ್ದರು. ಏಳು ದೇಶಗಳ ಗಂಡಸರ ಊಟ ಮತ್ತು ಹೃದಯವನ್ನು ಹೋಲಿಸುವ ಅವರ ಪ್ರಸಿದ್ಧ ಅಧ್ಯಯನ 1958ರಲ್ಲಿ ಶುರುವಾಯಿತು. ಆ ಏಳರಲ್ಲಿ ಭಾರತ ಇರಲಿಲ್ಲ. 1961ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಕೊಬ್ಬು ಕಡಿಮೆ ಮಾಡಿ, ಪ್ರಾಣಿಜನ್ಯ ಕೊಬ್ಬಿನ ಬದಲು ಸಸ್ಯದ ಎಣ್ಣೆ ಬಳಸಿ ಎಂಬ ಸಲಹೆ ಕೊಟ್ಟಿತು. 1977ರಲ್ಲಿ ಸೆನೆಟರ್ ಮೆಕ್‌ಗವರ್ನ್ ಅವರ ಸಮಿತಿ ಅದನ್ನು ರೋಗಿಗಳಿಗಷ್ಟೇ ಅಲ್ಲ, ಇಡೀ ರಾಷ್ಟ್ರಕ್ಕೆ ಗುರಿಯೆಂದು ಹೇಳಿತು: ಒಟ್ಟು ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲು ಸುಮಾರು 40ರಿಂದ 30 ಪ್ರತಿಶತಕ್ಕೆ ಇಳಿಯಬೇಕು. ಆ ಮಾತು ನಮ್ಮ ವೈದ್ಯರ ಪಠ್ಯಗಳಿಗೆ ಬಂದು, ಟೈಪಾಗಿ, ಜೆರಾಕ್ಸಾಗಿ, ಕೆಂಪು ಬಸ್ಸಿನಲ್ಲಿ ಅಪ್ಪನ ಅಂಗಿ ಜೇಬಿನಲ್ಲಿ ನಮ್ಮೂರಿಗೆ ಬಂದಿತ್ತು.

ಈ ಕಥೆಯಲ್ಲಿ ನನಗೆ ಕುತೂಹಲ ಹುಟ್ಟಿಸುವವರು ಕೀಸ್ ಅಲ್ಲ, ಅವರ ಹೆಂಡತಿ ಮಾರ್ಗರೆಟ್. ಆಕೆಯೂ ಜೀವರಸಾಯನ ಬಲ್ಲವರು. 1959ರಲ್ಲಿ ಗಂಡಹೆಂಡತಿ ಸೇರಿ 'ಈಟ್ ವೆಲ್ ಅಂಡ್ ಸ್ಟೇ ವೆಲ್' ಎಂಬ ಪುಸ್ತಕ ತಂದರು. ಅದು ಬಿಸಿದೋಸೆಯಂತೆ ಖರ್ಚಾಯಿತು. ವಿಜ್ಞಾನದ ಭಾಗದ ಜೊತೆಗೆ ಅದರಲ್ಲಿ ಅಡುಗೆಯ ವಿಧಾನಗಳೂ ಇದ್ದವು. ಎದೆ ಕೆಟ್ಟ ಗಂಡಸಿಗೆ ಏನು ತಿನ್ನಬಾರದು ಅಂತ ಹೇಳುವುದು ಸುಲಭ. ಸಂಜೆ ಆರಕ್ಕೆ ಗಂಡ, ಮಕ್ಕಳು, ಬಂದ ನೆಂಟರು ಎಲ್ಲರಿಗೂ ಒಂದೇ ಒಲೆಯ ಮೇಲೆ ಏನು ಬೇಯಿಸಬೇಕು ಅನ್ನುವುದು ಬೇರೆಯೇ ವಿದ್ಯೆ. ಅಪ್ಪನ ಹಾಳೆಯಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಅದನ್ನು ಅಮ್ಮ ತಾನೇ ಕಂಡುಕೊಳ್ಳಬೇಕಾಯಿತು, ಎರಡು ಸಲ ಸೋತು.

ಮೊದಲ ಸೋಲು ಎರಡು ಪಾತ್ರೆಯದು. ಅಪ್ಪನಿಗೆ ಒಂದು ಪುಟ್ಟ ಬೋಗುಣಿಯಲ್ಲಿ ಬೇರೆ ಸಾರು. ಬೇಳೆ, ಹುಣಸೆಹಣ್ಣು, ಉಪ್ಪು, ಖಾರದ ಪುಡಿ ಅಷ್ಟೆ. ಒಗ್ಗರಣೆ ಇಲ್ಲ, ಕಾಯಿ ಇಲ್ಲ. ನಮ್ಮ ಊಟಕ್ಕೆ ಮೊದಲು, ಏಳು ಗಂಟೆಗೇ, ಅವರೊಬ್ಬರನ್ನೇ ನಡುಮನೆಯಲ್ಲಿ ಕೂರಿಸಿ ಬಡಿಸುತ್ತಿದ್ದಳು. ನಮ್ಮ ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಅವರದು ಮುಗಿದಿರಲಿ ಅಂತ. ಆದರೆ ಒಗ್ಗರಣೆಯ ಘಮಕ್ಕೆ ಬಾಗಿಲು ಹಾಕುವುದು ಹೇಗೆ? ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಅಡುಗೆಮನೆಯ ಕತ್ತಲಲ್ಲಿ ಅಪ್ಪ ನಿಂತಿದ್ದರು. ಮಾವಿನ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು, ಮೇಲೆ ತೇಲುವ ಎಣ್ಣೆಯಲ್ಲಿ ಜೋಳದ ರೊಟ್ಟಿಯ ಚೂರು ಅದ್ದುತ್ತಿದ್ದರು. ನನ್ನನ್ನು ನೋಡಿ ತಬ್ಬಿಬ್ಬಾದರು. ಆಮೇಲೆ ಅರ್ಧ ಮುರಿದು ನನಗೂ ಕೊಟ್ಟರು. ಇಬ್ಬರೂ ಅಮ್ಮನಿಗೆ ಹೇಳಲಿಲ್ಲ. ಹೇಳಬೇಕಾಗಿತ್ತು ಅಂತ ಹದಿನಾಲ್ಕು ವರ್ಷದ ನನಗೆ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಅಜ್ಜಿ ಮಾತ್ರ ನಿಶ್ಚಿಂತೆಯಾಗಿದ್ದಳು. ಅವಳ ಲೆಕ್ಕದಲ್ಲಿ ಇದು ಪಥ್ಯ. ಪಥ್ಯ ಅಂದರೆ ಒಂದು ಮಂಡಲ. ನಲವತ್ತೆಂಟನೇ ದಿನ ಯಾರಿಗೂ ಹೇಳದೆ ಕಡಲೆಬೇಳೆ ನೆನೆಹಾಕಿ, ಮರುದಿನ ಒಬ್ಬಟ್ಟು ತಟ್ಟಿ, ಮೇಲೆ ತುಪ್ಪ ಸುರಿದು ಮಗನ ಮುಂದಿಟ್ಟಳು. "ಮುಗೀತಲ್ಲ, ತಿನ್ನಪ್ಪ." ಅಮ್ಮ ಬಾಗಿಲಲ್ಲಿ ನಿಂತು ಅತ್ತುಬಿಟ್ಟಳು. ಇದು ಮುಗಿಯುವ ಪಥ್ಯ ಅಲ್ಲ, ಅವರು ಇರುವ ತನಕ ಅಂತ ಹೇಳಿದರೆ ಅಜ್ಜಿಗೆ ಅದು ಶಾಪದಂತೆ ಕೇಳಿಸಿತು.

ಅಜ್ಜಿಯದು ತಪ್ಪಲ್ಲ. ನಮ್ಮ ಮನೆಗಳಲ್ಲಿ ಪಥ್ಯಕ್ಕೆ ಎರಡು ಗುಣ ಇದ್ದವು: ಅದಕ್ಕೆ ಕೊನೆ ಇತ್ತು ಮತ್ತು ಅದು ಒಬ್ಬರಿಗೆ ಮಾತ್ರ. ಪಥ್ಯ ಅಂದರೆ ಸಪ್ಪೆ ಊಟ ಅಂತಲೂ ಅಲ್ಲ. ಕಾಮಾಲೆ ಬಂದವರಿಗೆ ಎಣ್ಣೆಯ ಪಸೆ ತಾಗಿಸುತ್ತಿರಲಿಲ್ಲ, ಬಾಣಂತಿಗೆ ಮೆಣಸಿನ ಸಾರಿನ ಮೇಲೆ ತುಪ್ಪ ಹುಯ್ಯುತ್ತಿದ್ದರು. ಎರಡೂ ಪಥ್ಯವೇ. ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ, ಒಬ್ಬರಿಗೆ ಜಿಡ್ಡು ಹೆಚ್ಚು, ಇನ್ನೊಬ್ಬರಿಗೆ ಇಲ್ಲವೇ ಇಲ್ಲ. ಕೊನೆಯಿಲ್ಲದ ಪಥ್ಯ ಅಂದದ್ದೇ ಅಜ್ಜಿಗೆ ಅರ್ಥವಾಗದೆ ಹೋಯಿತು. ಹೃದಯದ ಕಾಯಿಲೆ ತಂದ ಹೊಸತು ಅದೇ. ಮನೆಯಲ್ಲಿ ಒಬ್ಬ ಮನುಷ್ಯ ಇಪ್ಪತ್ತು ವರ್ಷ ಬೇರೆ ಪಾತ್ರೆಯಲ್ಲಿ ಉಣ್ಣಲಾರ.

ಒಬ್ಬಟ್ಟಿನ ಪ್ರಸಂಗದ ಮರುದಿನದಿಂದ ಅಮ್ಮನ ಎರಡನೇ ಪ್ರಯೋಗ ಶುರು: ಎಲ್ಲರಿಗೂ ಅಪ್ಪನ ಸಾರೇ. ಮನೆಯಲ್ಲಿ ಎಣ್ಣೆ ಇರುವುದು ದೇವರ ದೀಪಕ್ಕೆ ಮಾತ್ರ. "ದೇವರ ದೀಪಕ್ಕೆ ಇರೋ ಎಣ್ಣೆ ನನ್ನ ಸಾರಿಗಿಲ್ವೇನೇ?" ಅಂತ ಅಜ್ಜಿ ಗೊಣಗಿದಳು. ಅಪ್ಪ ಖುಷಿಯಾಗಿದ್ದರು, ಎಲ್ಲರ ಜೊತೆ ಕೂತು ಉಣ್ಣುವುದಾಯಿತಲ್ಲ. ನಾಲ್ಕು ತಿಂಗಳು ಹೀಗೇ ನಡೆಯಿತು. ನನ್ನ ತಮ್ಮನಿಗೆ ಆಗ ಆರು ವರ್ಷ. ಮೊದಲೇ ಕಡ್ಡಿ, ಇನ್ನೂ ಇಳಿದ. ಸಪ್ಪೆ ಸಾರಿನಲ್ಲಿ ಮುದ್ದೆಯ ನಾಲ್ಕು ತುತ್ತು ನುಂಗಿ "ಹೊಟ್ಟೆ ತುಂಬಿತು" ಅಂತ ಎದ್ದುಬಿಡುತ್ತಿದ್ದ, ರಾತ್ರಿ ಹಸಿವೆಂದು ಅಳುತ್ತಿದ್ದ. ಊರಿನ ವಯಸ್ಸಾದ ಡಾಕ್ಟರೊಬ್ಬರಿಗೆ ತೋರಿಸಿದಾಗ ಅವನ ತೋಳು ಹಿಡಿದು ನೋಡಿ, "ಯಜಮಾನರಿಗೆ ಹೇಳಿದ ಪಥ್ಯ ಈ ಹುಡುಗನಿಗೆ ಯಾಕಮ್ಮ ಕಟ್ಟಿದಿರಿ?" ಅಂದರು.

ಅದರ ಹಿಂದಿನ ಲೆಕ್ಕ ಸರಳವೇ. ಒಂದು ಗ್ರಾಂ ಹಿಟ್ಟಿನಲ್ಲಿ ಸುಮಾರು ನಾಲ್ಕು ಕ್ಯಾಲೊರಿ, ಒಂದು ಗ್ರಾಂ ಜಿಡ್ಡಿನಲ್ಲಿ ಒಂಬತ್ತು. ಮಗುವಿನ ಹೊಟ್ಟೆ ಚಿಕ್ಕದು, ಬೇಕಾದ ಶಕ್ತಿ ದೊಡ್ಡದು. ಮುದ್ದೆಯಿಂದಲೇ ಅದನ್ನು ತುಂಬಿಸಬೇಕೆಂದರೆ ಹೊಟ್ಟೆಯಲ್ಲಿ ಜಾಗವೇ ಸಾಲದು. ಐವತ್ತರ ಹೃದ್ರೋಗಿಗೆ ಉಪಕಾರವಾಗುವ ಊಟ ಆರು ವರ್ಷದವನಿಗೆ ಅರೆಹೊಟ್ಟೆ. ಎಪ್ಪತ್ತು ದಾಟಿದವರಿಗೂ ಹಾಗೇ. ಮನೆಮಂದಿಗೆಲ್ಲ ಒಂದೇ ಪಥ್ಯ ಅನ್ನುವುದು ಕೇಳಲು ಸಮಾನತೆ, ಉಣ್ಣಲು ಅನ್ಯಾಯ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮ್ಮ ಆಮೇಲೆ ಮಾಡಿದ್ದು ಏನು ಅಂತ ಅರ್ಥವಾಗಬೇಕಾದರೆ ನಮ್ಮ ಅಡುಗೆಯಲ್ಲಿ ಜಿಡ್ಡು ಎಲ್ಲಿತ್ತು ಅಂತ ನೋಡಬೇಕು. ಎಷ್ಟಿತ್ತು ಅನ್ನುವುದಕ್ಕಿಂತ ಎಲ್ಲಿತ್ತು ಅನ್ನುವುದು ಮುಖ್ಯ.

ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಎಣ್ಣೆಯ ಪ್ರಸ್ತಾಪ ಬೇಕಾದಷ್ಟಿದೆ, ಗಾಣಗಳನ್ನು ದತ್ತಿ ಕೊಟ್ಟ ಮಾತೂ ಇದೆ. ಬಹುಪಾಲು ಕಡೆ ಅದು ದೇವಾಲಯದ ನಂದಾದೀವಿಗೆಗೆ. ಅಜ್ಜಿಯ ಗೊಣಗಾಟಕ್ಕೆ ಸಾವಿರ ವರ್ಷದ ಇತಿಹಾಸ ಇತ್ತು! ಎರಡನೇ ಚಾವುಂಡರಾಯ 1025ರ ಸುಮಾರಿನಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ, 16ನೇ ಶತಮಾನದ ಮೂರನೇ ಮಂಗರಸ 'ಸೂಪಶಾಸ್ತ್ರ'ವನ್ನೇ ಬರೆದ. ಅವುಗಳಲ್ಲಿ ತುಪ್ಪಕ್ಕೇನೂ ಬರ ಇಲ್ಲ. ಆದರೆ ಅವು ಉಳ್ಳವರ ಪಾಕಶಾಲೆಗಳು. ನಮ್ಮ ಅಜ್ಜಿಯ ತವರಿನಲ್ಲಿ ಎರಡು ಎಮ್ಮೆ ಇದ್ದವಂತೆ. ಬೆಣ್ಣೆ ಕಾಸಿದ ತುಪ್ಪ ಸಂತೆಗೆ, ಮಜ್ಜಿಗೆ ಮನೆಗೆ. ಮನೆಯಲ್ಲಿ ಉಳಿದ ಒಂದು ಗಿಂಡಿ ತುಪ್ಪ ಸಣ್ಣ ಮಿಳ್ಳೆಯಲ್ಲಿ ಪಂಕ್ತಿಗೆ ಬರುತ್ತಿತ್ತು. ಬಡಿಸುವವಳು ಯಾರ ತಟ್ಟೆಗೆ ಎಷ್ಟು ಅಂತ ಕಣ್ಣಲ್ಲೇ ತೂಗಿ ಹಾಕುತ್ತಿದ್ದಳು. ಬಸುರಿಗೆ, ಬಾಣಂತಿಗೆ, ಮಕ್ಕಳಿಗೆ, ಹೊಲ ಉತ್ತು ಬಂದವನಿಗೆ ಬೇರೆ ಬೇರೆ ಅಳತೆ. (ಸೊಸೆಯಂದಿರ ತಟ್ಟೆಗೆ ಬರುವ ಹೊತ್ತಿಗೆ ಮಿಳ್ಳೆ ಖಾಲಿಯಾಗುತ್ತಿತ್ತು ಅನ್ನುವುದನ್ನೂ ಅಜ್ಜಿಯೇ ಹೇಳಿದ್ದು. ಹಳೆಯದೆಲ್ಲ ಚಿನ್ನ ಅನ್ನುವವರು ಇದನ್ನೂ ನೆನಪಿಟ್ಟುಕೊಳ್ಳಲಿ.) ಕೆಳಗೆ ಪಾತ್ರೆಯಲ್ಲಿ ಬೆಂದದ್ದೆಲ್ಲ ಹೆಚ್ಚುಕಡಿಮೆ ಜಿಡ್ಡಿಲ್ಲದ್ದೇ: ಮುದ್ದೆ, ರೊಟ್ಟಿ, ಬೇಯಿಸಿದ ಕಾಳು, ಬಸ್ಸಾರು, ಅಂಬಲಿ. ಒಗ್ಗರಣೆ ಎಲ್ಲ ಮುಗಿದ ಮೇಲೆ, ಕೊನೆಗೆ, ಸೌಟಿನಲ್ಲಿ. ಅಂದರೆ ಜಿಡ್ಡು ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಹೊಡೆಯುತ್ತಿತ್ತು, ಮತ್ತು ಬೇಡದವರಿಗೆ ಬಿಡುವಂತಿತ್ತು.

ಅದು ತಟ್ಟೆಯಿಂದ ಪಾತ್ರೆಗೆ ಇಳಿದದ್ದು ಎರಡು ಮೂರು ತಲೆಮಾರಿನಲ್ಲಿ. ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ.ಟಿ. ಅಚಯ ಅವರು ನಮ್ಮ ಆಹಾರದ ಇತಿಹಾಸಕಾರರೆಂದು ಹೆಸರಾದವರು. ವೃತ್ತಿಯಿಂದ ಅವರು ಎಣ್ಣೆಯ ವಿಜ್ಞಾನಿ, ಗಾಣದ ಮೇಲೆಯೇ ಒಂದು ಪುಸ್ತಕ ಬರೆದಿದ್ದಾರೆ. ಎತ್ತು ಸುತ್ತುವ ಗಾಣ ದಿನಕ್ಕೆ ಹಿಂಡುವುದೇ ಸ್ವಲ್ಪ. ಅದು ತನ್ನಷ್ಟಕ್ಕೆ ತಾನೇ ಮಿತಿ. ದಕ್ಷಿಣ ಅಮೆರಿಕದಿಂದ ಬಂದ ಶೇಂಗಾ ನಮ್ಮ ಕಡೆಯ ಒಣ ಹೊಲಗಳನ್ನು ಹಬ್ಬಿದ ಮೇಲೆ, ಯಂತ್ರದ ಮಿಲ್ಲುಗಳು ಬಂದ ಮೇಲೆ ಆ ಮಿತಿ ಕಳಚಿತು. ಚಳ್ಳಕೆರೆಗೆ 'ಎಣ್ಣೆ ನಗರಿ' ಎಂಬ ಹೆಸರೇ ಬಂತು. ನನ್ನ ಬಾಲ್ಯದ ಚಳ್ಳಕೆರೆ ಅಂದರೆ ಬಸ್ಸು ಇಳಿಯುತ್ತಲೇ ಮೂಗಿಗೆ ಬರುವ ಶೇಂಗಾ ಹಿಂಡಿಯ ಬಿಸಿ ವಾಸನೆ.

1937ರಲ್ಲಿ ಡಾಲ್ಡಾ ಬಂತು. ಹಳದಿ ಡಬ್ಬ, ಮೇಲೆ ತಾಳೆಮರದ ಚಿತ್ರ. ತುಪ್ಪದ ವೇಷ ತೊಟ್ಟ ಎಣ್ಣೆ ಅದು. ಗಾಂಧೀಜಿ ಅದನ್ನು ವಿರೋಧಿಸಿದರು, ಸ್ವಾತಂತ್ರ್ಯದ ಹೊಸತರಲ್ಲಿ ನಿಷೇಧಿಸಬೇಕೆಂಬ ಕೂಗು ಪಾರ್ಲಿಮೆಂಟಿಗೂ ಹೋಯಿತು. ನಿಷೇಧವಾಗಲಿಲ್ಲ, ತುಪ್ಪಕ್ಕೆ ಕಲಬೆರಕೆಯಾದರೆ ಪತ್ತೆಹಚ್ಚಲು ಅನುಕೂಲವಾಗಲೆಂದು ವನಸ್ಪತಿಯಲ್ಲಿ ಕನಿಷ್ಠ 5 ಪ್ರತಿಶತ ಎಳ್ಳೆಣ್ಣೆ ಇರಬೇಕೆಂಬ ನಿಯಮ ಬಂತು. ಅಮ್ಮ ಮದುವೆಯಾಗಿ ಬಂದಾಗ ಹಬ್ಬದ ಕರಿದ ತಿಂಡಿಗೆಲ್ಲ ಡಾಲ್ಡಾ. ಆ ಗಟ್ಟಿ ಕೊಬ್ಬಿನಲ್ಲಿದ್ದ ಟ್ರಾನ್ಸ್ ಫ್ಯಾಟ್ ತುಪ್ಪಕ್ಕಿಂತ ಹೃದಯಕ್ಕೆ ಕೇಡು ಅಂತ ವಿಜ್ಞಾನ ಒಪ್ಪುವ ಹೊತ್ತಿಗೆ ಶತಮಾನವೇ ಮುಗಿಯುತ್ತ ಬಂದಿತ್ತು. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು 2 ಪ್ರತಿಶತ ಮೀರಬಾರದು ಎಂಬ ಮಿತಿ ನಮ್ಮ ದೇಶದಲ್ಲಿ ಜಾರಿಯಾದದ್ದು 2022ರ ಜನವರಿಯಲ್ಲಿ.

ಆಮೇಲೆ ಬಂದದ್ದು ಸೂರ್ಯಕಾಂತಿ. 1969ರ ಸುಮಾರಿಗೆ ಸೋವಿಯತ್ ಒಕ್ಕೂಟದ ತಳಿಗಳು ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬಿಎಸ್‌ಎಚ್-1 ಎಂಬ ಹೈಬ್ರಿಡ್ ಬಿಡುಗಡೆ ಮಾಡಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳಿಗೆಂದೇ ತಂತ್ರಜ್ಞಾನ ಮಿಷನ್ ಆರಂಭಿಸಿತು. ನಮ್ಮ ಜಿಲ್ಲೆಯಲ್ಲೂ ಶೇಂಗಾ ಹೊಲಗಳ ಪಕ್ಕ ಹಳದಿ ಹೂಗಳು ತಲೆಯೆತ್ತಿದವು. ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟು ನಮ್ಮ ಮನೆಗೆ ಬಂದದ್ದು ಅಪ್ಪನ ಕಾಯಿಲೆಯ ಜೊತೆಗೇ, 'ಹಾರ್ಟಿಗೆ ಒಳ್ಳೇದು' ಎಂಬ ಹೆಸರಿನಲ್ಲಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಶೇಂಗಾ ಎಣ್ಣೆ ಒಂದು ಚಮಚ ಜಾಸ್ತಿಯಾದರೆ ಮನೆಯವರಿಗೆಲ್ಲ ತಿಳಿಯುತ್ತಿತ್ತು. ಇದು ನಾಲ್ಕು ಚಮಚ ಜಾಸ್ತಿಯಾದರೂ ಯಾರಿಗೂ ತಿಳಿಯದು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಅಂತ ಗಾದೆ ಇದೆಯಲ್ಲ, ನಾವೂ ಹಾಗೇ ಮಾಡಿದೆವು. ಕಣ್ಣು ಮುಚ್ಚಿಕೊಂಡೇ ಸುರಿದೆವು. ನೀತಿ ಆಯೋಗದ 2024ರ ವರದಿಯ ಪ್ರಕಾರ 1950ರ ದಶಕದಲ್ಲಿ ತಲಾ ವರ್ಷಕ್ಕೆ ಸುಮಾರು 3 ಕೆ.ಜಿ. ಇದ್ದ ಖಾದ್ಯತೈಲದ ಬಳಕೆ ಈಗ 19 ಕೆ.ಜಿ. ದಾಟಿದೆ. ಅಂದರೆ ತಲೆಗೆ ದಿನಕ್ಕೆ 50 ಗ್ರಾಮಿಗಿಂತ ಹೆಚ್ಚು. ಬರಿಯ ಕೂತು ಕೆಲಸ ಮಾಡುವ ಹೆಂಗಸಿಗೆ 20 ಗ್ರಾಂ ಸಾಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ.

ಇದಕ್ಕೆ ಪ್ರೆಶರ್ ಕುಕ್ಕರೂ ಕೈಜೋಡಿಸಿತು ಅಂತ ನನ್ನ ಗುಮಾನಿ. ಅಜ್ಜಿ ಒಗ್ಗರಣೆಯನ್ನು ಕೊನೆಗೆ ಹಾಕುತ್ತಿದ್ದಳು. ನಾನು ಕುಕ್ಕರಿನಲ್ಲಿ ಮೊದಲು ಎಣ್ಣೆ ಬಿಟ್ಟು, ಈರುಳ್ಳಿ ಟೊಮೆಟೊ ಬಾಡಿಸಿ, ಅದರ ಮೇಲೆ ಉಳಿದದ್ದೆಲ್ಲ ಹಾಕಿ ಮುಚ್ಚಳ ಮುಚ್ಚುತ್ತೇನೆ. ಪಲಾವು, ಕುರ್ಮ, ಗ್ರೇವಿ ಎಲ್ಲದರ ದಾರಿ ಇದೇ. ಮೊದಲು ಬಿದ್ದ ಎಣ್ಣೆಯನ್ನು ಆಮೇಲೆ ಒಬ್ಬರ ತಟ್ಟೆಯಿಂದ ತೆಗೆಯಲಾಗದು.

ಅಮ್ಮ ಮಾಡಿದ್ದು ಇಷ್ಟೇ: ಎಣ್ಣೆಯನ್ನು ಪಾತ್ರೆಯಿಂದ ಎತ್ತಿ ಮತ್ತೆ ತಟ್ಟೆಗೆ ತಂದಳು. ಅದಕ್ಕೆ ಅವಳು ಯಾವ ಪುಸ್ತಕವನ್ನೂ ಓದಲಿಲ್ಲ. ತಮ್ಮನನ್ನು ಡಾಕ್ಟರ ಹತ್ತಿರ ತೋರಿಸಿ ಬಂದ ದಿನ ಸಂಜೆ ಬಸ್ಸಾರು ಮಾಡಿದಳು. ಹುರುಳಿಕಾಳು, ಸೊಪ್ಪು ಒಂದೇ ಪಾತ್ರೆಯಲ್ಲಿ ಬೆಂದು, ಕಟ್ಟು ಬಸಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಮೆಣಸಿನ ಖಾರ ಅರೆದು ಸೇರಿಸಿದ ಸಾರು ಎಲ್ಲರಿಗೂ ಒಂದೇ. ಈರುಳ್ಳಿಯನ್ನು ಎಣ್ಣೆಯಲ್ಲಿ ಹುರಿಯುವ ಬದಲು ಕೆಂಡದಲ್ಲಿ ಸುಟ್ಟದ್ದು ಅವಳ ಮೊದಲ ಜಾಣತನ. ಸಪ್ಪೆತನ ಅಲ್ಲೇ ಅರ್ಧ ಹೋಯಿತು. ಒಗ್ಗರಣೆಯನ್ನು ಸಾರಿಗೆ ಸುರಿಯದೆ ಒಂದು ಬಟ್ಟಲಲ್ಲಿ ತಂದು ಊಟದ ನಡುವೆ ಇಟ್ಟಳು. ತಮ್ಮನ ತಟ್ಟೆಗೆ ಎರಡು ಚಮಚ, ಅಜ್ಜಿಗೆ ಒಂದು, ನನಗೊಂದು, ಅಪ್ಪನಿಗೆ ಎಣ್ಣೆ ಸೋರಿಸಿ ಸಾಸಿವೆ, ಕರಿಬೇವು, ಬೆಳ್ಳುಳ್ಳಿ ಮಾತ್ರ. ಅಪ್ಪ ಆ ಕರಿಬೇವನ್ನು ಬೆರಳಲ್ಲಿ ಎತ್ತಿ ಮೂಸಿ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಒಂದೊಂದೇ ಕಲಿತಳು. ಹಾಲು ಕಾಸಿ ಆರಿಸಿ ಕೆನೆ ತೆಗೆಯುವುದು. ಉಳಿದ ಹಾಲಿನ ಮೊಸರು ಎಲ್ಲರಿಗೂ, ವಾರದ ಕೆನೆ ಕಡೆದ ತುಪ್ಪ ತಮ್ಮನಿಗೂ ಅಜ್ಜಿಗೂ. ಭಾನುವಾರದ ಕೋಳಿಗೆ ಚರ್ಮ ಸುಲಿಸಿ ತರುವುದು; ಸಾರು ಕುದಿದು ಇಳಿಸಿದ ಮೇಲೆ ಕಾಲು ಗಂಟೆ ಕಲಕದೆ ಬಿಟ್ಟರೆ ಜಿಡ್ಡೆಲ್ಲ ಮೇಲೆ ತೇಲುತ್ತದೆ. ಮೇಲಿನ ಸೌಟು ಮಕ್ಕಳಿಗೆ, ಆಳದ ಸೌಟು ಅಪ್ಪನಿಗೆ. ತೆಂಗಿನಕಾಯಿ ಅರೆಯುತ್ತಿದ್ದ ಕಡೆ ಹುರಿಗಡಲೆ ಅಥವಾ ಬೆಂದ ಬೇಳೆಯನ್ನೇ ಒಂದು ಹಿಡಿ ರುಬ್ಬಿ ಹಾಕುವುದು. ಕಾಯಿ ತುರಿ ಬೇಕಾದವರು ಪಲ್ಯದ ಮೇಲೆ ಉದುರಿಸಿಕೊಳ್ಳಲಿ. ದೋಸೆಯ ದಿನ ಕಾವಲಿಗೆ ಅರ್ಧ ಕತ್ತರಿಸಿದ ಈರುಳ್ಳಿಯಲ್ಲಿ ಎಣ್ಣೆ ಸವರಿ ಅಪ್ಪನ ದೋಸೆ ಮೊದಲು. ತಿಂಗಳ ಎಣ್ಣೆಯನ್ನು ಒಂದು ಗಾಜಿನ ಬಾಟಲಿಗೆ ಸುರಿದು ಹೊರಗೆ ನಾಲ್ಕು ಗೆರೆ ಎಳೆದಿದ್ದಳು, ವಾರಕ್ಕೊಂದು. ಗೆರೆಗಿಂತ ಕೆಳಗೆ ಇಳಿದರೆ ಆ ವಾರ ಉಳಿದ ದಿನ ಇಡ್ಲಿ, ಕಡುಬು. ಪೂರಿ ತಿಂಗಳಿಗೊಂದು ಸಲ ಆಗುತ್ತಿತ್ತು; ಅವತ್ತು ಅಪ್ಪನಿಗೂ ಒಂದು.

ಒಂದು ಕಡೆ ಅವಳೂ ಎಡವಿದಳು. ಆಸ್ಪತ್ರೆಯ ಪಟ್ಟಿಯಲ್ಲಿ ಶೇಂಗಾ ಇರಲಿಲ್ಲ. ನಾವೋ ಶೇಂಗಾ ನಾಡಿನವರು. ಕಾಯಿ ಬಿಟ್ಟ ಜಾಗಕ್ಕೆಲ್ಲ ಶೇಂಗಾ ಪುಡಿ ಬಂತು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಅಂತ ಎಣ್ಣೆ ಮಿಲ್ಲಿನ ಊರಿನಲ್ಲಿದ್ದೂ ನಮಗೆ ಹೊಳೆಯಲಿಲ್ಲ. ಅದೇನೂ ವಿಷವಲ್ಲ, ಒಳ್ಳೆಯದೇ ಅನ್ನುತ್ತಾರೆ ಈಗ. ಆದರೆ ಕಡಿಮೆ ಜಿಡ್ಡು ಅಂತ ಅದನ್ನು ಕರೆಯಲಾಗದು.

ಇಷ್ಟೆಲ್ಲ ಆದ ಮೇಲೆ ಒಂದು ಮುಜುಗರದ ವಿಷಯ ಹೇಳಲೇಬೇಕು. 1967ರಲ್ಲಿ, ಅಪ್ಪನ ಹಾಳೆಗಿಂತ ಇಪ್ಪತ್ತೆರಡು ವರ್ಷ ಮೊದಲೇ, ರೈಲ್ವೆಯ ವೈದ್ಯ ಎಸ್.ಎಲ್. ಮಲ್ಹೋತ್ರ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟಿಸಿದ್ದರು. ಭಾರತದ ಬೇರೆ ಬೇರೆ ಪ್ರದೇಶಗಳ ರೈಲ್ವೆ ನೌಕರರ ಲೆಕ್ಕ ಅದು. ತುಪ್ಪ, ಹಾಲು ಧಾರಾಳವಾಗಿ ತಿನ್ನುವ ಪಂಜಾಬಿನವರಿಗಿಂತ, ತೀರಾ ಕಡಿಮೆ ಕೊಬ್ಬು, ಅದೂ ಹೆಚ್ಚಾಗಿ ಸಸ್ಯದ ಎಣ್ಣೆ ತಿನ್ನುವ ಮದ್ರಾಸ್ ಕಡೆಯ ನೌಕರರಲ್ಲಿ ಹೃದಯದ ಕಾಯಿಲೆ ಏಳು ಪಟ್ಟು ಕಂಡಿತ್ತು. ಇದನ್ನೇ ಹಿಡಿದು ತುಪ್ಪ ಅಮೃತ ಅಂತ ಕುಣಿಯುವವರಿದ್ದಾರೆ, ನಾನು ಕುಣಿಯಲಾರೆ. ಎರಡು ಪ್ರದೇಶಗಳ ನಡುವೆ ವ್ಯತ್ಯಾಸ ಇದ್ದದ್ದು ಊಟದಲ್ಲಿ ಮಾತ್ರವೇ ಅಂತ ಹೇಳುವುದು ಹೇಗೆ? ಆದರೆ ನಮ್ಮ ದೇಶದ್ದೇ ಇಂಥ ಒಂದು ಒಗಟು ಕಣ್ಣೆದುರಿಗಿದ್ದಾಗ, ಬೇಕನ್ ಬಿಡಿ ಅನ್ನುವ ಹಾಳೆ ಚಳ್ಳಕೆರೆಗೆ ಬಂತಲ್ಲ ಅನ್ನುವುದು ನನ್ನ ತಕರಾರು.

ಅಮೆರಿಕದವರೂ ತಮ್ಮ ಸಲಹೆಯನ್ನು ಕೊನೆಗೆ ಒರೆಗೆ ಹಚ್ಚಿದರು. 48,835 ಮಧ್ಯವಯಸ್ಸು ದಾಟಿದ ಹೆಂಗಸರ ಮೇಲೆ ಎಂಟು ವರ್ಷ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಕಡಿಮೆ ಕೊಬ್ಬಿನ ಊಟದವರಲ್ಲಿ ಹೃದಯದ ಕಾಯಿಲೆ ಗಣನೀಯವಾಗಿ ತಗ್ಗಿರಲಿಲ್ಲ. ಆ ವರದಿಯಲ್ಲಿ ನನ್ನ ಕಣ್ಣು ನೆಟ್ಟದ್ದು ಇನ್ನೊಂದು ಅಂಕಿಯ ಮೇಲೆ: ಅವರ ಗುರಿ ಕೊಬ್ಬಿನ ಪಾಲನ್ನು 20 ಪ್ರತಿಶತಕ್ಕೆ ಇಳಿಸುವುದು, ಮೊದಲ ವರ್ಷ 24ರ ಹತ್ತಿರ ಬಂದವರು ಆರನೇ ವರ್ಷಕ್ಕೆ ಮತ್ತೆ 29ರ ಹತ್ತಿರ ಏರಿದ್ದರು. ಸಲಹೆಗಾರರಿದ್ದರು, ತರಗತಿಗಳಿದ್ದವು. ಆದರೂ ಆ ಹೆಂಗಸರು ಮನೆಗೆ ಹೋಗಿ ಗಂಡನಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ ಬಡಿಸಬೇಕಿತ್ತಲ್ಲ. ವಿಜ್ಞಾನಿಗಳು ಇದಕ್ಕೆ ಏನು ಕಾರಣ ಕೊಡುತ್ತಾರೋ, ನನಗೆ ಮಾತ್ರ ಅಲ್ಲಿ ಎರಡು ಪಾತ್ರೆ ಇಟ್ಟು ಸುಸ್ತಾದ ಅಮ್ಮಂದಿರು ಕಾಣುತ್ತಾರೆ.

ಅಪ್ಪ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದರು. 2011ರಲ್ಲಿ ಹೋದರು, ಹೃದಯದಿಂದಲ್ಲ. ಅಮ್ಮನ ಬಟ್ಟಲೇ ಅವರನ್ನು ಉಳಿಸಿತು ಅಂತ ನಮ್ಮ ಬಂಧುಗಳು ಹೇಳುತ್ತಾರೆ. ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಆಸ್ಪತ್ರೆಯಿಂದ ಬಂದ ದಿನವೇ ಅವರು ಸಿಗರೇಟು ಬಿಟ್ಟರು, ಸಂಜೆ ಕೆರೆ ಏರಿಯ ಮೇಲೆ ನಡೆಯತೊಡಗಿದರು, ಮಾತ್ರೆ ತಪ್ಪಿಸಲಿಲ್ಲ. (ಐಸೆನ್‌ಹೋವರ್ ಕೂಡ ಹೃದಯಾಘಾತಕ್ಕೆ ಕೆಲವೇ ವರ್ಷ ಮೊದಲಿನವರೆಗೆ ದಿನಕ್ಕೆ ನಾಲ್ಕು ಪ್ಯಾಕ್ ಸೇದುತ್ತಿದ್ದವರು, ಆದರೆ ಜಗತ್ತು ಮಾತಾಡಿದ್ದು ಬೆಣ್ಣೆಯ ಬಗ್ಗೆ.) ಅಮ್ಮನ ಬಟ್ಟಲು ಏನು ಮಾಡಿತು ಅಂದರೆ, ಅಪ್ಪ ಆ ಇಪ್ಪತ್ತೆರಡು ವರ್ಷ ನಮ್ಮ ಜೊತೆ ಕೂತು ಉಂಡರು. ತಮ್ಮ ಆರಡಿ ಬೆಳೆದ.

ಈಗ ನನ್ನ ಸರದಿ. ಹಳೆಯ ಹಾಳೆ ನೋಡಿದ ಮರುದಿನ ನಮ್ಮ ಮನೆಯ ತಿಂಗಳ ಎಣ್ಣೆಯ ಲೆಕ್ಕ ಹಾಕಿದೆ: ನಾಲ್ಕು ಜನಕ್ಕೆ ನಾಲ್ಕೂವರೆ ಲೀಟರ್, ಹೋಟೆಲಿನಿಂದ ತರಿಸಿದ್ದು ಬಿಟ್ಟು. ಅಮ್ಮನಿಗೆ ಹೇಳಲು ನಾಚಿಕೆಯಾಯಿತು. ಕುಕ್ಕರಿನಲ್ಲಿ ಮೊದಲು ಎಣ್ಣೆ ಬಿಡುವ ಅಭ್ಯಾಸ ಕೈಯಿಂದ ಹೋಗಲು ಎರಡು ವಾರ ಬೇಕಾಯಿತು. ಗಾಜಿನ ಬಾಟಲಿಗೆ ಗೆರೆ ಎಳೆದಿದ್ದೇನೆ. ಗ್ಯಾಸಿನ ಉರಿಯಲ್ಲಿ ಈರುಳ್ಳಿ ಸುಡಲು ಹೋಗಿ ಒಲೆ ಗಲೀಜಾಗುತ್ತದೆ, ಆದರೂ ಸುಡುತ್ತೇನೆ. ಮೊದಲ ದಿನ ಮಗಳು ಮೇಜಿನ ಮೇಲಿನ ಒಗ್ಗರಣೆ ಬಟ್ಟಲು ನೋಡಿ, "ಇದೇನಮ್ಮ, ಹೋಟೆಲ್ ಥರ?" ಅಂದಳು.

ನಿನ್ನೆ ರಾತ್ರಿ ಹುರುಳಿಕಾಳಿನ ಬಸ್ಸಾರು. ಮಗಳಿಗೆ ಎರಡು ಚಮಚ ಒಗ್ಗರಣೆ ಹಾಕಿದೆ, ನನಗೆ ಸೋರಿಸಿದ ಕರಿಬೇವು. ಅಮ್ಮನ ಮುದ್ದೆಯ ಮೇಲೆ ತುಪ್ಪ ಬಿಟ್ಟು ಮಿಳ್ಳೆ ಎತ್ತುವಷ್ಟರಲ್ಲಿ ಅವಳು ತಟ್ಟೆ ಮುಂದಕ್ಕೆ ತಳ್ಳಿದಳು. "ಇನ್ನೊಂಚೂರು ಹಾಕೇ. ಆಗ ನನ್ನ ತಟ್ಟೆಗೆ ಬರೋ ಹೊತ್ತಿಗೆ ಮುಗಿದುಹೋಗ್ತಿತ್ತು."